ಆರ್ಲಿಸ್ ಟ್ವೆಟನ್‌ಳ ಮೂವತ್ತಾರು ಗಜ

ಆರ್ಲಿಸ್ ಟ್ವೆಟನ್ ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಮ್ಮ ಕಣಿವೆಯ ರಸ್ತೆಗೆ ಒಂದು ಕಡೆ ಸುಣ್ಣಕಲ್ಲಿನ ಗೋಡೆ, ಇನ್ನೊಂದು ಕಡೆ ಹಳ್ಳ. ಎದುರಿಗೆ ಹಾಲಿನ ಟ್ಯಾಂಕರು ಬಂದರೆ ಅವಳು ಬಸ್ಸನ್ನು ಹಿಂದಕ್ಕೆ ತೆಗೆದು, ಗೋಡೆಗೂ ಬಸ್ಸಿಗೂ ನಡುವೆ ಸರಿಯಾಗಿ ಒಂದು ಅಂಗೈಯಷ್ಟು ಜಾಗ ಬಿಟ್ಟು ನಿಲ್ಲಿಸುತ್ತಿದ್ದಳಂತೆ. ನಾನು ಮದುವೆಯಾಗಿ ಮಿಲ್ವಾಕಿ ನಗರದಿಂದ ಇಲ್ಲಿಗೆ ಬಂದು ಆರೇ ವರ್ಷ. ಅದನ್ನು ಕಣ್ಣಾರೆ ನೋಡಿದ್ದು ಕಡಿಮೆ. ಕೇಳಿದಾಗಲೆಲ್ಲ ಆ ಬಸ್ಸಿನಲ್ಲಿದ್ದ ಮಕ್ಕಳ ತಾಯಂದಿರು ಹೇಗೆ ಉಸಿರಾಡುತ್ತಿದ್ದರೋ ಅನ್ನಿಸುತ್ತದೆ.

ಅವಳ ಕಣ್ಣಳತೆ ಈ ಸೀಮೆಯಲ್ಲಿ ಗಾದೆಯಂತೆ ಆಗಿತ್ತು. ಶುಕ್ರವಾರದ ಮೀನೂಟಕ್ಕೆ ಅಗ್ನಿಶಾಮಕದವರ ಶೆಡ್ಡಿನಲ್ಲಿ ಎಲ್ಲರೂ ಸೇರಿದಾಗ ಯಾರಾದರೂ ಬಾಗಿಲಿಂದಾಚೆ ಬೆರಳು ತೋರಿಸಿ ಕೇಳುತ್ತಿದ್ದರು: "ಆರ್ಲಿಸ್, ಇಲ್ಲಿಂದ ಆ ದೀಪದ ಕಂಬಕ್ಕೆ?" ಅವಳು ಬಾಯಲ್ಲಿದ್ದ ಮೀನನ್ನು ನುಂಗಿ, "ನಲವತ್ಮೂರು ಗಜ" ಅನ್ನುತ್ತಿದ್ದಳು. ಟೇಪು ಹಿಡಿದು ಅಳೆಯಲು ಹೋದವರು ಅಷ್ಟೇ ಅಳತೆ ಕಂಡು, ವಾಪಸು ಬಂದು ಕೂತು ತಮ್ಮ ಮೀನು ತಿನ್ನುತ್ತಿದ್ದರು. ಹದಿನಾಲ್ಕನೆಯ ವಯಸ್ಸಿನಿಂದ ಬಿಲ್ಲು ಹಿಡಿದವಳು. ಜಿಂಕೆಗೆ ಬಾಣ ಬಿಡುವುದರಲ್ಲಿ ಅರ್ಧ ಕೆಲಸ ಕೈಯದಾದರೆ ಇನ್ನರ್ಧ ದೂರ ಗುರುತಿಸುವುದು. ಆ ಇನ್ನರ್ಧ ಅವಳಿಗೆ ಹುಟ್ಟುತ್ತಲೇ ಬಂದಿತ್ತು.

ಹೋದ ವರ್ಷ ಮಾರ್ಚಿನಲ್ಲಿ ಸೌದೆ ಸೀಳುವಾಗ ಓಕ್ ಮರದ ಒಂದು ಚಕ್ಕೆ ಹಾರಿ ಅವಳ ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ. ಒಂಟಿ ಕಣ್ಣಿನವರಿಗೆ ಶಾಲೆಯ ಬಸ್ಸು ಕೊಡುವುದಿಲ್ಲ. ಅವಳು ಬೀಗದ ಕೈ ಹಿಂದಿರುಗಿಸಿ, ಮರುವಾರ ಅದೇ ಶಾಲೆಯ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿ ನಿಂತಳು. ಆಗ ನನಗೆ ಮಗಳು ಮಾರಿಟ್ ಹುಟ್ಟಿ ಎರಡು ತಿಂಗಳು. ರಸ್ತೆಯಾಚೆ ಅವಳ ಮನೆ, ಈಚೆ ನಮ್ಮದು. ಗಂಡ ಚೀಸ್ ಕಾರ್ಖಾನೆಯ ಪಾಳಿಗೆ ಹೋದ ಮೇಲೆ ಮಗು ಬಿಕ್ಕಳಿಸಿದರೂ ನಾನು ಆರ್ಲಿಸಳ ಬಾಗಿಲು ತಟ್ಟುತ್ತಿದ್ದೆ. ಅವಳೂ ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದಳು. ಒಂದು ದಿನ ತಾನೇ ಬಗ್ಗಿಸಿಕೊಳ್ಳಲು ಹೋಗಿ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದಳು. ಒಂಟಿ ಕಣ್ಣಿಗೆ ಲೋಟ ಎಷ್ಟು ಹತ್ತಿರ, ಎಷ್ಟು ದೂರ ತಿಳಿಯಲಿಲ್ಲ. ನಾನು ಬಟ್ಟೆ ತಂದು, ಅವಳು ಅತ್ತ ತಿರುಗಿದಾಗ ಒರೆಸಿದೆ.

"ಕಂಡೆ ಕಣೇ" ಅಂದಳು. "ಕಾಣದ ಹಾಗೆ ಒರೆಸಿದ್ದನ್ನ ಈ ಕಣ್ಣೇ ಕಂಡಿತು. ಅಷ್ಟು ಕೆಟ್ಟಿಲ್ಲ."

ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ನಡೆದದ್ದು ಅವಳನ್ನು ನಿಜವಾಗಿಯೂ ಮುರಿಯಿತು. ಕಣ್ಣಿನ ಮೇಲೆ ನಂಬಿಕೆ ಸಾಲದೆ ತಮ್ಮ ವರ್ಲಿನ್‌ನ ರೇಂಜ್‌ಫೈಂಡರು ಎರವಲು ತಂದಿದ್ದಳು. ಅಂಗೈಯಲ್ಲಿ ಹಿಡಿಸುವ ದುರ್ಬೀನಿನಂಥ ಯಂತ್ರ ಅದು; ಒತ್ತಿದರೆ ಎದುರಿನ ವಸ್ತು ಎಷ್ಟು ಗಜ ದೂರ ಎಂದು ಅಂಕಿ ತೋರಿಸುತ್ತದೆ. ಗುಡ್ಡದ ಕಡಿದಾದ ಅಂಚಿನಲ್ಲಿ, ಮರದ ಮೇಲಿನ ಅಟ್ಟಣೆಯಲ್ಲಿ ಕೂತಿದ್ದಳು. ಕೆಳಗೆ ಒಂದು ಗಂಡು ಜಿಂಕೆ ಬಂದು ನಿಂತಿತು. ಯಂತ್ರ ಮೂವತ್ತಾರು ಎಂದಿತು. ಮೂವತ್ತಾರಕ್ಕೆ ಗುರಿಯಿಟ್ಟು ಬಿಟ್ಟಳು. ಬಾಣ ಎದೆಗೂಡಿಗೆ ಹೋಗದೆ ಏಳೆಂಟು ಬೆರಳು ಮೇಲೆ, ಬೆನ್ನಿನ ಮಾಂಸಕ್ಕೆ ತಗುಲಿತು. ಜಿಂಕೆ ಓಡಿತು. ರಕ್ತದ ಹನಿಗಳು ಹಳ್ಳದವರೆಗೆ ಹೋಗಿ ನಿಂತವು. ಮೂರು ದಿನ, ಪಕ್ಕದ ಕಣಿವೆಯವರ ನಾಯಿಯನ್ನೂ ಕರೆಸಿ, ಮೊಣಕಾಲೂರಿ ಹುಡುಕಿದಳು. ಸಿಗಲಿಲ್ಲ.

ಗಾಯ ಮಾಡಿ ಕಳೆದುಕೊಂಡವರು ಆ ವರ್ಷ ಮತ್ತೆ ಬಿಲ್ಲು ಎತ್ತುವುದಿಲ್ಲ. ಯಾವ ಕಾನೂನೂ ಹಾಗೆ ಹೇಳುವುದಿಲ್ಲ, ಯಾರೂ ಬಂದು ಕೇಳುವುದೂ ಇಲ್ಲ. ಆದರೂ ಇಲ್ಲಿ ಹಾಗೆಯೇ. ಅವಳು ಬಿಲ್ಲನ್ನು ಹಾಲುಮನೆಯ ಮೊಳೆಗೆ ತಗುಲಿಹಾಕಿ ಬಾಗಿಲು ಎಳೆದುಕೊಂಡಳು.

ಈ ವರ್ಷ ಜುಲೈಯಲ್ಲಿ ವರ್ಲಿನ್ ಬಂದು ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತ. ದಪ್ಪ ಮನುಷ್ಯ, ಮೆಟ್ಟಿಲು ನರಳುತ್ತದೆ. ಅಕ್ಕನ ಬಿಲ್ಲಿನ ಮೇಲೆ ಅವನ ಕಣ್ಣು ಮೊದಲಿನಿಂದಲೂ ಇತ್ತು.

"ಅಕ್ಕಾ, ಅದು ಮೊಳೆ ಮೇಲೆ ತೂಗಾಡ್ಕೊಂಡು ಏನು ಮಾಡುತ್ತೆ? ಕೊಡು ನನಗೆ. ಜೇಡನಾದ್ರೂ ಬೇರೆ ಕಡೆ ಮನೆ ಕಟ್ಟಲಿ."

"ನಿನ್ನ ಕೈಗೆ ಬಂದ್ರೆ ಜೇಡ ಇನ್ನೂ ಆರಾಮಾಗಿರುತ್ತೆ ಬಿಡು. ಆರು ವರ್ಷ ಆಯ್ತಲ್ಲೋ ನೀನೊಂದು ಜಿಂಕೆ ಬೀಳಿಸಿ?"

"ಬಾಣ ಸರಿ ಇಲ್ಲ" ಅಂದ ವರ್ಲಿನ್. "ಈಗಿನ ಬಾಣಗಳೆಲ್ಲ ಮೇಲೆ ಮೇಲೆ ಹೋಗ್ತವೆ."

ಆರ್ಲಿಸ್ ಮಾರಿಟ್‌ಳನ್ನು ತೊಡೆಯ ಮೇಲೆ ಕುಣಿಸುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು: "ಈ ವರ್ಷ ಒಂದೇ ಒಂದು ಬಾಣ ಬಿಡ್ತೀನಿ. ಒಂದೇ. ಅದು ಸರಿಯಾದ ಜಾಗಕ್ಕೆ ಹೋಗ್ಲಿಲ್ಲ ಅಂದ್ರೆ ಬಿಲ್ಲು ನಿಂದು. ನನ್ನ ಕಡೆಯಿಂದ ಇನ್ನೊಂದು ಪ್ರಾಣಿ ನರಳ್ಕೊಂಡು ಸಾಯೋದು ಬೇಡ. ಐವತ್ತು ವರ್ಷ ಸಾಕು."

ವರ್ಲಿನ್ ಗೆದ್ದವನಂತೆ ನಗಬೇಕಾಗಿತ್ತು. ನಗಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಕೋರಾ, ನನಗೆ ನಂದೇ ಒಂದು ರೇಂಜ್‌ಫೈಂಡರು ಬೇಕು. ನೂರು ಡಾಲರಿನೊಳಗೆ. ಮಗೂನ ಕಾರ್ ಸೀಟಿಗೆ ನಾಲ್ಕು ತಿಂಗಳು ಓದಿದೋಳು ನೀನು. ಆರಿಸಿಕೊಡು."

ನಾಲ್ಕಲ್ಲ, ಐದು ತಿಂಗಳು. ಓದುವುದು ನನಗೆ ಬರುತ್ತದೆ. ಬೇರೆ ಏನು ಬರುತ್ತದೋ ಗೊತ್ತಿಲ್ಲ. ಮಗು ಮಲಗಿದಾಗಲೆಲ್ಲ ಓದಿದೆ. ಕೊಂಡವರು ನೂರಾರು ಜನ ಬರೆದಿದ್ದರು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸುಳ್ಳು. ಮಂಜಿನಲ್ಲಿ ಅಂಕಿ ತೋರಿಸುವುದಿಲ್ಲ, ಚಳಿಗೆ ಬ್ಯಾಟರಿ ಸಾಯುತ್ತದೆ, ಒತ್ತಿದಾಗ ಸದ್ದು ಬಂದು ಜಿಂಕೆ ಕಿವಿ ನಿಮಿರುತ್ತದೆ. ಓದಿದಷ್ಟೂ ಹೆದರಿಕೆ ಹೆಚ್ಚಾಯಿತು. ನಾನು ಆರಿಸಿದ್ದು ತಪ್ಪಾದರೆ ಅವಳ ಬಿಲ್ಲು ಹೋಗುತ್ತದಲ್ಲ!

ಪಟ್ಟಣದ ಅಂಗಡಿಗೆ ಹೋದೆವು. ಅಲ್ಲಿಯ ಗಡ್ಡದವನು ನಾನೂರು ಡಾಲರಿನದನ್ನು ಮಖಮಲ್ಲಿನ ಚೀಲದಿಂದ ಹೊರತೆಗೆದ.

"ಇದು ಸಾವಿರದ ಐನೂರು ಗಜ ತೋರ್ಸುತ್ತೆ ಮೇಡಂ."

"ನಮ್ಮನೆಯಿಂದ ಸಾವಿರದ ಐನೂರು ಗಜ ಅಂದ್ರೆ ಪಾದ್ರಿಗಳ ಮನೆ" ಅಂದಳು ಆರ್ಲಿಸ್. "ಪಾದ್ರೀನ ಹೊಡೀಬೇಕಾ ನಾನು? ನನ್ನ ಬಾಣ ನಲವತ್ತಕ್ಕಿಂತ ಆಚೆ ಹೋಗಲ್ಲ, ಹೋಗೋದೂ ಬೇಡ."

ಗಡ್ಡದವನು ಚೀಲ ಮುಚ್ಚಿದ.

ಆಗಸ್ಟಿನಲ್ಲಿ ಒಂದು ಮನೆಯವರು ಹಳೆಯ ಸಾಮಾನನ್ನು ಅಂಗಳದಲ್ಲಿಟ್ಟು ಮಾರುತ್ತಿದ್ದರು. ಅಲ್ಲಿ ಗಾಲ್ಫ್ ಆಟದವರ ರೇಂಜ್‌ಫೈಂಡರು ಇಪ್ಪತ್ತೈದಕ್ಕೆ ಸಿಕ್ಕಿತು. ಹೊಳೆಯುತ್ತಿತ್ತು, ಗಾಜಿನ ಮೇಲೆ ಗೀರಿಲ್ಲ. ಆರ್ಲಿಸಳಿಗೆ ಖುಷಿಯೋ ಖುಷಿ. ನಾನು ಮಾತ್ರ ಎಲ್ಲೋ ಏನೋ ಓದಿದ ನೆನಪಾಗಿ, ಮನೆಗೆ ಬಂದು ನಮ್ಮ ಹಿತ್ತಿಲಲ್ಲೇ ಪರೀಕ್ಷೆ ಮಾಡಿಸಿದೆ. ಒಣಗಲು ಹಾಕಿದ ಬಟ್ಟೆಗಳ ಸಂದಿಯಿಂದ ಸೇಬಿನ ಮರವನ್ನು ನೋಡಿ ಒತ್ತಬೇಕು. ಮರ ಇಪ್ಪತ್ತನಾಲ್ಕು ಗಜ. ಟೇಪಿನಿಂದ ನಾನೇ ಎರಡು ಸಲ ಅಳೆದಿದ್ದೆ.

"ಆರು" ಎಂದು ಓದಿದಳು ಆರ್ಲಿಸ್. ಮತ್ತೆ ಒತ್ತಿದಳು. "ಆರೇ."

"ಅದು ಬಟ್ಟೆ ಹಗ್ಗ."

"ಅಯ್ಯೋ, ಇದನ್ನ ನಂಬಿದ್ರೆ ಜಿಂಕೆ ಬಿಟ್ಟು ಮಾರಿಟ್ ಕಾಲುಚೀಲಕ್ಕೆ ಹೊಡೀತಿದ್ದೆ!"

ಗಾಲ್ಫಿನವರಿಗೆ ಬೇಕಾದದ್ದು ಮುಂದಿರುವ ಬಾವುಟದ ಕೋಲು, ಹಿಂದಿನ ಮರಗಳಲ್ಲ. ಆದ್ದರಿಂದ ಅವರ ಯಂತ್ರ ಎಲ್ಲಕ್ಕಿಂತ ಹತ್ತಿರದ್ದನ್ನು ಹಿಡಿಯುತ್ತದೆ. ಕಾಡಿನಲ್ಲಿ ಎಲ್ಲಕ್ಕಿಂತ ಹತ್ತಿರ ಇರುವುದು ಯಾವುದೋ ಕಡ್ಡಿ. ಬೇಟೆಯವರದು ದೂರದ್ದನ್ನು ಹಿಡಿಯಬೇಕು. ಇಪ್ಪತ್ತೈದು ಡಾಲರು ಹೋಯಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬಟ್ಟೆ ಹಗ್ಗದ ಪರೀಕ್ಷೆಯನ್ನು ಕಂಡವರಿಗೆಲ್ಲ ಹೇಳಿ ನಗಿಸಿದಳು.

ಇಷ್ಟಾದರೂ ಒಂದು ಮಾತು ನನ್ನನ್ನು ಬಿಟ್ಟಿರಲಿಲ್ಲ. ಕೆಲವು ಯಂತ್ರಗಳು ಎರಡೆರಡು ಅಂಕಿ ತೋರಿಸುತ್ತವೆ ಎಂದು ಓದಿದ್ದೆ. ಯಾಕೆ ಎರಡು ಎಂದು ಅರ್ಥವಾಗದೆ ಮುಂದೆ ಹೋಗಿದ್ದೆ.

ಅರ್ಥವಾದದ್ದು ನಮ್ಮ ಮೆಟ್ಟಿಲಿನ ಮೇಲೆ. ಮಾರಿಟ್ ಆಗ ಎಲ್ಲೆಂದರಲ್ಲಿ ಹತ್ತುತ್ತಿದ್ದಳು, ನನಗೆ ನಿದ್ದೆಯಿರಲಿಲ್ಲ. ಮೆಟ್ಟಿಲಿಗೆ ಜಾರದ ಹಾಗೆ ಜಮಖಾನೆ ಹಾಸಿಸೋಣವೆಂದು ಟೇಪು ಹಿಡಿದು ಮೇಲಿನಿಂದ ಕೆಳಗೆ ಓರೆಯಾಗಿ ಎಳೆದೆ: ಹದಿನಾಲ್ಕು ಅಡಿ. ಗಂಡ ನೆಲದ ಮೇಲೆ ಅಳೆದು ಬರೆದಿಟ್ಟದ್ದು ಹನ್ನೊಂದೂವರೆ. ಇವನಿಗೆ ಅಳೆಯಲೂ ಬರುವುದಿಲ್ಲವೇ ಎಂದು ಬೈದುಕೊಳ್ಳುತ್ತ ಇನ್ನೊಮ್ಮೆ ನೆಲ ಅಳೆದೆ. ಹನ್ನೊಂದೂವರೆಯೇ. ಇಬ್ಬರದೂ ಸರಿ. ಓರೆಯ ಉದ್ದ ಬೇರೆ, ನೆಲದ ಉದ್ದ ಬೇರೆ.

ಟೇಪು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬಾಣವನ್ನು ಕೆಳಕ್ಕೆ ಎಳೆಯುವುದು ಭೂಮಿ. ಭೂಮಿ ಎಳೆಯುವುದು ನೆಲದ ಉದ್ದದ ಲೆಕ್ಕದಲ್ಲಿ, ಓರೆಯ ಲೆಕ್ಕದಲ್ಲಲ್ಲ. ಗುಡ್ಡದ ಮೇಲಿನಿಂದ ಕೆಳಗೆ ನೋಡಿ ಒತ್ತಿದರೆ ಯಂತ್ರ ಓರೆಯನ್ನು ಹೇಳುತ್ತದೆ. ಅದಕ್ಕೇ ಎರಡು ಅಂಕಿ, ಒಂದು ಓರೆಯದು, ಇನ್ನೊಂದು ನೆಲದ್ದು!

ಮಗುವನ್ನು ಎತ್ತಿಕೊಂಡು, ಚಪ್ಪಲಿಯಲ್ಲೇ ರಸ್ತೆ ದಾಟಿದೆ. ಆರ್ಲಿಸ್ ಸೌತೆಕಾಯಿಯ ಉಪ್ಪಿನಕಾಯಿ ಜಾಡಿಗಳಿಗೆ ಮುಚ್ಚಳ ಬಿಗಿಯುತ್ತಿದ್ದಳು.

"ಆ ಅಟ್ಟಣೆ ಎಷ್ಟು ಕಡಿದಾದ ಜಾಗದಲ್ಲಿದೆ?"

"ಯಾವ ಅಟ್ಟಣೆ?"

"ಹೋದ ವರ್ಷದ್ದು."

ಅವಳ ಕೈ ನಿಂತಿತು. ಆ ಮಾತನ್ನು ಯಾರೂ ಅವಳೆದುರು ಎತ್ತುತ್ತಿರಲಿಲ್ಲ. "ಮೇಕೆ ಕೂಡ ಯೋಚನೆ ಮಾಡಿ ಇಳಿಯುತ್ತೆ. ಯಾಕೆ?"

ವರ್ಲಿನ್‌ನ ಹಳೆಯ ಯಂತ್ರವನ್ನೇ ಮತ್ತೆ ಕೇಳಿ ತಂದೆವು. ಮರುದಿನ ಬೆಳಿಗ್ಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಗುಡ್ಡ ಹತ್ತಿದೆ. ಅವಳು ಸೊಂಟಕ್ಕೆ ಪಟ್ಟಿ ಬಿಗಿದು ಅಟ್ಟಣೆ ಏರಿದಳು. ಬಕಲು ಸರಿಯಾಗಿ ಹಾಕಿದ್ದಾಳೆಯೇ ಎಂದು ನಾನು ಕೆಳಗಿನಿಂದ ಮೂರು ಸಲ ಕೇಳಿದೆ. ಜಿಂಕೆ ನಿಂತಿದ್ದ ಜಾಗದಲ್ಲಿ ಒಂದು ಎತ್ತರದ ಪಾಪ್ಲರ್ ಮರ ಇತ್ತು. ಅದರ ತುದಿ ಅಟ್ಟಣೆಯ ಮಟ್ಟವನ್ನೂ ದಾಟಿ ನಿಂತಿತ್ತು.

"ಮೊದಲು ಆ ಮರದ ಬುಡಕ್ಕೆ ಒತ್ತಿ!" ಎಂದು ಕೂಗಿದೆ.

"ಮೂವತ್ತಾರು! ಗೊತ್ತಿರೋದೇ!"

"ಈಗ ತಲೆ ಬಗ್ಗಿಸದೆ ಎದುರಿಗೆ ನೋಡಿ! ನಿಮ್ಮ ಕಣ್ಣಿನ ಮಟ್ಟದಲ್ಲಿ ಕಾಂಡ ಕಾಣುತ್ತಲ್ಲ, ಅಲ್ಲಿಗೆ ಒತ್ತಿ!"

ಅವಳು ಯಂತ್ರವನ್ನು ಕಣ್ಣಿನಿಂದ ಇಳಿಸಿದಳು, ಮತ್ತೆ ಏರಿಸಿದಳು. ಮಾರಿಟ್ ನನ್ನ ಕೂದಲು ಎಳೆಯುತ್ತಿದ್ದಳು.

"ಆರ್ಲಿಸ್? ಏನಾಯ್ತು? ತಲೆ ಸುತ್ತುತ್ತಾ?"

ಅವಳು ಮೆಲ್ಲಗೆ ಇಳಿದು ಬಂದಳು. ಎಲೆಗಳ ಮೇಲೆ ಕಾಲು ಚಾಚಿ ಕೂತಳು. ಯಂತ್ರ ಮಡಿಲಲ್ಲಿತ್ತು.

"ಮೂವತ್ತು" ಅಂದಳು. "ಅದೇ ಮರ. ಮೂವತ್ತು."

ಮೂವತ್ತರಲ್ಲಿರುವ ಜಿಂಕೆಗೆ ಮೂವತ್ತಾರರ ಗುರಿ ಇಟ್ಟರೆ ಬಾಣ ಏಳೆಂಟು ಬೆರಳು ಮೇಲೆಯೇ ಹೋಗುತ್ತದೆ. ಅದನ್ನು ನಾನು ಅವಳಿಗೆ ಹೇಳಬೇಕಾಗಿರಲಿಲ್ಲ.

"ಕೋರಾ, ಆ ದಿನ ಯಂತ್ರ ತೆಗೆಯೋಕೆ ಮೊದಲು ನಾನು ಸುಮ್ನೆ ನೋಡಿದ್ದೆ. ಈ ಒಂಟಿ ಕಣ್ಣಲ್ಲೇ. ಅದು ಮೂವತ್ತು ಅಂತು. ಆಮೇಲೆ ಯಂತ್ರ ಮೂವತ್ತಾರು ಅಂತು. ನಾನು ಕಣ್ಣಿಗೆ ಬೈದೆ. 'ಬಾಯಿ ಮುಚ್ಚೇ ಕುರುಡಿ' ಅಂದೆ." ಅವಳು ಮುಖ ಒರೆಸಿಕೊಂಡಳು. "ಸರಿಯಾಗೇ ಹೇಳಿತ್ತಲ್ಲೇ!"

ನನಗೂ ಕಣ್ಣು ತುಂಬಿ ಬಂತು. ಆಮೇಲೆ ಬೆನ್ನಿನಿಂದ ಇಳಿಸಿದ್ದ ಮಗು ಎಲೆ ತಿನ್ನುತ್ತಿದೆ ಎಂದು ತಿಳಿದು ಇಬ್ಬರೂ ಅದರ ಬಾಯಿಗೆ ಬೆರಳು ಹಾಕುವ ಗಡಿಬಿಡಿಯಲ್ಲಿ ಬಿದ್ದೆವು.

ಇನ್ನು ಆರಿಸುವುದು ಸುಲಭವಾಯಿತು. ಮೂರೇ ಕೇಳಬೇಕಾದದ್ದು: ಕಡ್ಡಿ ಬಿಟ್ಟು ಹಿಂದಿನದನ್ನು ಹಿಡಿಯುತ್ತದೆಯೇ, ಓರೆಯನ್ನೂ ನೆಲವನ್ನೂ ಬೇರೆ ಬೇರೆ ಹೇಳುತ್ತದೆಯೇ, ಮಬ್ಬು ಬೆಳಕಿನಲ್ಲಿ ಅಂಕಿ ಕಾಣುತ್ತದೆಯೇ. ಸಾವಿರ ಗಜವೂ ಬೇಡ, ಮಖಮಲ್ಲೂ ಬೇಡ. ಯಾರೋ ಕೊಂಡು ಹಿಂದಿರುಗಿಸಿದ ಹೋದ ವರ್ಷದ ಮಾದರಿ ಒಂದು ಎಂಬತ್ತೊಂಬತ್ತು ಡಾಲರಿಗೆ ಸಿಕ್ಕಿತು. ರಬ್ಬರಿನ ಮೂಲೆ ಸವೆದಿತ್ತು, ಪೆಟ್ಟಿಗೆ ಹರಿದಿತ್ತು. ನಾನು ಅದನ್ನು ಬಟ್ಟೆ ಹಗ್ಗಕ್ಕೆ ಹಿಡಿದೆ, ತುಂತುರು ಮಳೆಗೆ ಹಿಡಿದೆ, ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು ತೆಗೆದೆ. ಮಾರಿಟ್ ತನ್ನ ಪಾಲಿಗೆ ಅದನ್ನು ಓಟ್ಸ್ ಗಂಜಿಯ ಬಟ್ಟಲಿಗೆ ಎಸೆದಳು. ಒರೆಸಿ ಒತ್ತಿದರೆ ಸೇಬಿನ ಮರ ಇಪ್ಪತ್ತನಾಲ್ಕೇ.

"ಪಾಸಾಯ್ತು" ಅಂದಳು ಆರ್ಲಿಸ್. "ಕಾರ್ ಸೀಟಿಗಿಂತ ಗಟ್ಟಿ."

ಆಮೇಲೆ ಅವಳು ಮಾಡಿದ್ದು ನಾನು ಎಲ್ಲೂ ಓದಿರದ ಕೆಲಸ. ಮೊದಲು ಕಣ್ಣು ಹೇಳಬೇಕು, ಆಮೇಲೆ ಯಂತ್ರ. ಶಾಲೆಯ ಅಡುಗೆಮನೆಯ ಕಿಟಕಿಯಿಂದ ಬಾವುಟದ ಕಂಬ, ಮೀನೂಟದ ದಿನ ವರ್ಲಿನ್‌ನ ಲಾರಿ, ರಸ್ತೆಯಾಚೆ ನಮ್ಮ ಟಪಾಲು ಡಬ್ಬಿ, ಭಾನುವಾರ ಚರ್ಚಿನ ಹೊರಗೆ ಪಾದ್ರಿಗಳು. "ಹದಿನೇಳು" ಎಂದು ಪಿಸುಗುಟ್ಟಿ ಒತ್ತುವಳು. ಪಾದ್ರಿಗಳು ಹದಿನೇಳಕ್ಕೇ ನಿಂತಿರುತ್ತಿದ್ದರು, ಪಾಪ, ಕೈ ಬೀಸುತ್ತ. ಸೆಪ್ಟೆಂಬರಿನಲ್ಲಿ ಹತ್ತಕ್ಕೆ ಐದು ಸರಿಯಾಗುತ್ತಿತ್ತು. ಓಕ್ ಎಲೆಗಳು ಕೆಂಪಾಗುವ ಹೊತ್ತಿಗೆ ಎಂಟು, ಒಂಬತ್ತು. ನಮ್ಮ ಮನೆಯಲ್ಲಿ ಕಾಫಿ ಲೋಟದ ಹೊರಗೆ ಬೀಳುವುದು ಎಂದಿನಿಂದ ನಿಂತಿತೋ ನಾನು ಗಮನಿಸಲಿಲ್ಲ.

ಅಕ್ಟೋಬರಿನ ಕೊನೆಯ ಶನಿವಾರ ಮಧ್ಯಾಹ್ನ ಅವಳು ಒಂದು ಬಾಣ ಹಿಡಿದು ಹೋದಳು. ಬತ್ತಳಿಕೆಯಲ್ಲಿ ಉಳಿದವನ್ನೆಲ್ಲ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದಳು. ಎರಡು ಗಂಟೆ, ಮೂರು ಗಂಟೆ. ಅಟ್ಟಣೆಯ ಹಲಗೆ ಮುರಿಯಿತೇ? ಪಟ್ಟಿ ಕಟ್ಟಿಕೊಂಡಳೋ ಇಲ್ಲವೋ? ನಾಲ್ಕಕ್ಕೆ ಐದು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು. ಪಿಸುದನಿ.

"ಬಿಟ್ಟೆ."

"ತಗುಲಿತಾ?"

"ಅರ್ಧ ಗಂಟೆ ಬಿಟ್ಟು ಬಾ. ಅವಸರ ಬೇಡ. ಮಗೂಗೆ ಟೋಪಿ ಹಾಕು, ಗಾಳಿ ಇದೆ."

ಅವಳು ತಗುಲಿತೆಂದು ಹೇಳಲಿಲ್ಲ! ಆ ಅರ್ಧ ಗಂಟೆಯಲ್ಲಿ ನಾನು ಮಾರಿಟ್‌ಳ ಟೋಪಿಯನ್ನು ನಾಲ್ಕು ಸಲ ಕಟ್ಟಿದೆ.

ಗುಡ್ಡದ ಕೆಳಗೆ ಅವಳು ಬಿಲ್ಲು ಹಿಡಿದು ನಿಂತಿದ್ದಳು. ನಡೆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ದೊಡ್ಡ ಹೆಣ್ಣು ಜಿಂಕೆ, ಮರಿಯಿಲ್ಲದ್ದು, ಓಕ್ ಕಾಯಿ ಹೆಕ್ಕುತ್ತ ಬಂತು. ಪೊದೆಯ ಹಿಂದೆ ನಿಂತಿತು. ಕಣ್ಣು ಹೇಳಿತು: ಇಪ್ಪತ್ತೇಳು. ಒತ್ತಿದಳು. ಮೇಲಿನ ಅಂಕಿ ಮೂವತ್ತೊಂದು, ಓರೆಯದು. ಕೆಳಗಿನದು ಇಪ್ಪತ್ತೇಳು.

"ಎರಡೂ ಒಂದೇ ಮಾತು ಹೇಳಿದ್ವು ಕಣೇ. ಆಮೇಲೆ ಅದು ಪೊದೆಯಿಂದ ಈಚೆ ಒಂದು ಹೆಜ್ಜೆ ಇಡೋ ತನಕ ಕಾದೆ. ಇನ್ನೇನು ಕೆಲಸ ಇರ್ಲಿಲ್ಲ."

ಬಾಣ ಜಿಂಕೆಯ ಎದೆಯನ್ನು ತೂರಿ ಹೋಗಿ ಮಣ್ಣಿನಲ್ಲಿ ನಾಟಿತ್ತು, ತುದಿಯಿಂದ ಗರಿಯವರೆಗೆ ಕೆಂಪು. ಅಲ್ಲಿಂದ ಎಲೆಗಳ ಮೇಲೆ ಕಣ್ಣು ಮುಚ್ಚಿ ನಡೆಯಬಹುದಾದಷ್ಟು ನಿಚ್ಚಳವಾದ ರಕ್ತದ ದಾರಿ. ನಾನು ಹೆಜ್ಜೆ ಎಣಿಸಿದೆ. ಐವತ್ತೆಂಟನೆಯ ಹೆಜ್ಜೆಗೆ ಆರ್ಲಿಸ್ ನಿಂತಳು. ಜಿಂಕೆ ಬಿದ್ದಲ್ಲೇ ಮಲಗಿತ್ತು. ಸುತ್ತ ಒಂದು ಎಲೆಯೂ ಕೆದರಿರಲಿಲ್ಲ. ಓಡುತ್ತಿರುವಾಗಲೇ ಪ್ರಾಣ ಹೋಗಿತ್ತು. ನರಳಲು ಅದಕ್ಕೆ ಹೊತ್ತೇ ಇರಲಿಲ್ಲ.

ಅವಳು ಮೊಣಕಾಲೂರಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟಿದ್ದಳು. ಆಮೇಲೆ ಎದ್ದು, ಬಿಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, ಅರವತ್ತೆರಡು ವರ್ಷದ ಹೆಂಗಸು, ಕಣಿವೆ ಮಾರ್ದನಿಗೊಡುವ ಹಾಗೆ ಒಂದು ಕೇಕೆ ಹಾಕಿದಳು. ಮಾರಿಟ್ ಬೆನ್ನ ಮೇಲಿಂದ ತಾನೂ ಒಂದು ಹಾಕಿದಳು. ನಾನೂ ಹಾಕಿದೆನಂತೆ, ನನಗೆ ನೆನಪಿಲ್ಲ.

ಕೇಕೆ ಕೇಳಿಯೇ ವರ್ಲಿನ್ ಲಾರಿ ತಂದ. ಅವಳ ಅಂಗಳದ ಮೇಪಲ್ ಮರಕ್ಕೆ ಜಿಂಕೆಯನ್ನು ಎತ್ತಿ ಕಟ್ಟಿ, ಸುತ್ತ ಒಂದು ಬಾರಿ ನಡೆದ.

"ಕೊಂಬೆಲ್ಲಿ ಅಕ್ಕಾ?"

"ಕೊಂಬನ್ನ ಬೇಯಿಸಿ ತಿಂತೀಯೇನೋ?"

"ಹಾಗಲ್ಲ..." ಅವನು ಬಾಣ ಹೋದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ. ಹೊಲಿಗೆಯವನು ಗುಂಡಿ ಇಟ್ಟ ಹಾಗಿತ್ತು, ಅಷ್ಟು ಸರಿಯಾದ ಜಾಗ. "ಹಾಗಾದ್ರೆ ಬಿಲ್ಲು?"

"ಅದರ ಮೊಳೆ ಬೇಕಾದ್ರೆ ತಗೊಂಡು ಹೋಗು. ಖಾಲಿ ಇದೆ."

ಆ ಸಂಜೆ ಪದ್ಧತಿಯಂತೆ ಜಿಂಕೆಯ ಗುಂಡಿಗೆಯನ್ನು ತೆಳ್ಳಗೆ ಹೆಚ್ಚಿ, ಈರುಳ್ಳಿ ಬೆಣ್ಣೆಯಲ್ಲಿ ಹುರಿದು, ಆಲೂಗೆಡ್ಡೆಯ ಲೆಫ್ಸೆ ರೊಟ್ಟಿಯಲ್ಲಿ ಸುತ್ತಿ ತಿಂದೆವು. ಮಾರಿಟ್‌ಗೆ ಕೊಡಬಹುದೇ ಎಂದು ನಾನು ಯೋಚಿಸುವಷ್ಟರಲ್ಲಿ ಅವಳು ಎರಡನೆಯದಕ್ಕೆ ಕೈ ಚಾಚಿದ್ದಳು. ವರ್ಲಿನ್ ನಾಲ್ಕು ತಿಂದ. ತಿಂದು, ಹೊಸ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಂಬತ್ತೊಂಬತ್ತಾ? ನಂದಕ್ಕೆ ಇನ್ನೂರು ಕೊಟ್ಟಿದ್ದೆ. ಏನು ವ್ಯತ್ಯಾಸ?"

ಆರ್ಲಿಸ್ ನನ್ನ ಕಡೆ ನೋಡಿದಳು. ಬಲಗಣ್ಣು ಮಿಂಚುತ್ತಿತ್ತು.

"ವರ್ಲಿನ್, ನಿನ್ನ ಅಟ್ಟಣೆಗಳೆಲ್ಲ ಎಲ್ಲಿವೆ?"

"ಗುಡ್ಡದ ಮೇಲೆ. ಎಲ್ಲರದೂ ಅಲ್ಲೇ ಅಲ್ವಾ."

"ಆರು ವರ್ಷದಿಂದ ಬಾಣ ಎಲ್ಲಿ ಹೋಗ್ತಿದೆ?"

"ಹೇಳಿದ್ನಲ್ಲ, ಮೇಲೆ. ಆ ಬಾಣ ಮಾಡೋರಿಗೆ ಎರಡು ಕಾಗದ ಬರೆದೆ ನಾನು."

ಅವಳು ಮೇಜಿಗೆ ತಲೆಯಿಟ್ಟು ನಕ್ಕಳು. ಅವನಿಗೆ ಸಿಟ್ಟು ಬರುವಷ್ಟು ನಕ್ಕಳು.

ಮರುದಿನ ಚರ್ಚು ಮುಗಿದದ್ದೇ ಅವನನ್ನು ಗುಡ್ಡಕ್ಕೆ ಎಳೆದುಕೊಂಡು ಹೋದಳು, ಒಳ್ಳೆಯ ಬೂಟಿನಲ್ಲೇ. ಅಟ್ಟಣೆ ಅವನ ಭಾರಕ್ಕೆ ಕಿರುಗುಟ್ಟಿತು. ನಾವಿಬ್ಬರೂ ಮಗುವಿನ ಜೊತೆ ಕೆಳಗೆ ನಿಂತೆವು. ಅವನದೇ ಹಳೆಯ ಯಂತ್ರವನ್ನು ಪಾಪ್ಲರಿನ ಬುಡಕ್ಕೆ ಒತ್ತಿಸಿದಳು. ಮೂವತ್ತಾರು, ಎಂದು ಅವನು ಬೇಸರದಿಂದ ಕೂಗಿದ. ತಲೆ ಎತ್ತಿ ಎದುರಿನ ಕಾಂಡಕ್ಕೆ ಒತ್ತಿಸಿದಳು.

ಅವನು ಯಂತ್ರವನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದ.

"ಎಷ್ಟೋ?" ಎಂದು ಕೂಗಿದಳು ಆರ್ಲಿಸ್.

ಅವನು ಬಾಯೊಳಗೇ ಏನೋ ಗೊಣಗಿದ.

"ಕೇಳಿಸ್ಲಿಲ್ಲ! ನಂಗೆ ಹೋಗಿರೋದು ಕಣ್ಣು, ಕಿವಿಯಲ್ಲ, ಆದ್ರೂ ಕೇಳಿಸ್ಲಿಲ್ಲ! ಜೋರಾಗಿ ಹೇಳು!"

"ಮೂವತ್ತು!" ಎಂದು ಅರಚಿದ ವರ್ಲಿನ್. ಎದುರು ಗುಡ್ಡ ಅದನ್ನು ಹಿಡಿದು ಇನ್ನೊಮ್ಮೆ ಹೇಳಿತು.